ಅಡುಗೆಯವನ ಬಾಟಲಿ

ನನ್ನ ಗಂಡ ಮುಜಮ್ಮಿಲನನ್ನು ಮಣ್ಣು ಮಾಡಿದ ಮೇಲಿನ ಮೊದಲ ಸಾಮಾನ್ಯ ಬೆಳಗು. ಮೂರನೆಯ ದಿನದ ಜಿಯಾರತ್ ಮುಗಿದಿತ್ತು. ನೆಂಟರು ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಓಣಿಯವರು ತಮ್ಮ ತಮ್ಮ ಚಾಪೆ, ಪಾತ್ರೆ ಒಯ್ದಿದ್ದರು. ಆ ಬೆಳಿಗ್ಗೆ ನಳದ ನೀರು ಬಂತು.

ಹುಬ್ಬಳ್ಳಿಯಲ್ಲಿ ನಳ ಬಂದಾಗ ತುಂಬಿಕೊಳ್ಳದಿದ್ದರೆ ಮುಂದೆ ವಾರ ಕಾಯಬೇಕು. ಸಾವಾದ ಮನೆಗೆ ಬೇರೆ ನಿಯಮವಿಲ್ಲ. ನಾನು ಪೈಪು ಹಿಡಿದು ಬಾಗಿಲಿಗೆ ಬಂದೆ. ಎದುರು ಮನೆಯ ಸುಮಲತಾ ಅದನ್ನು ಕೈಯಿಂದ ಕಸಿದುಕೊಂಡಳು.

"ನಿನಗ ಹೊರಗ ಬರೂ ಹಂಗಿಲ್ಲಂತಲ್ಲ. ಇತ್ತ ಕೊಡು, ನಾ ತುಂಬತೇನಿ."

"ಹೊಸ್ತಿಲದಾಗ ಅದೇನಿ."

"ಹೊಸ್ತಿಲಂದ್ರೂ ಹೊರಗ. ನಿಮ್ಮತ್ತಿ ನೋಡಾಕತ್ತಾಳ, ಒಳಗ ನಡಿ."

ಅತ್ತೆ ಹಾಜರಾಬಿ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ನಮ್ಮ ಕಡೆ ಇತ್ತು. ಆದರೆ ಅವಳು ಯಾರನ್ನೂ ನೋಡುತ್ತಿರಲಿಲ್ಲ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗಬಾರದು. ಇದ್ದತ್. ನಾನು ಒಪ್ಪಿದ್ದೆ. ಎಲ್ಲಿಗಾದರೂ ಹೋಗಬೇಕೆಂಬ ಮನಸ್ಸೂ ಇರಲಿಲ್ಲ. ಕೊಡ ತುಂಬುವ ಸದ್ದು ಕೇಳುತ್ತ ಕುಳಿತೆ.

ಬಿಸಿಲೇರಿದ ಮೇಲೆ ಗೌಸಮೊದ್ದೀನ ಬಂದ. ಹಾಜರಾಬಿಯ ತಮ್ಮ. ನನ್ನ ಗಂಡನಿಗೆ ಸೋದರಮಾವ, ಅವನಿಗೆ ಕೆಲಸ ಕೊಟ್ಟವನೂ ಅವನೇ. ಗೋಕುಲ ರಸ್ತೆಯಲ್ಲಿ ಅವನದೊಂದು ಅಂಗಳವಿದೆ. ವೆಲ್ಡರು, ಫಿಟ್ಟರು, ನೆಲ ಒರೆಸುವವರು, ಎಲ್ಲರನ್ನೂ ಅಲ್ಲಿಂದ ಗಾಡಿ ತುಂಬಿ ಹೊರ ರಾಜ್ಯದ ಒಂದು ಅಣುಸ್ಥಾವರಕ್ಕೆ ಕಳಿಸುತ್ತಾನೆ. ಜನಾಜಾಕ್ಕೆ ಮೊದಲು ಹೆಗಲು ಕೊಟ್ಟವನು ಅವನು. ಎಲ್ಲರಿಗಿಂತ ಗಟ್ಟಿಯಾಗಿ ಅತ್ತವನೂ ಅವನೇ.

ಹಾಲು, ಬ್ರೆಡ್ಡು ತಂದಿದ್ದ. ಅಕ್ಕನ ಪಕ್ಕ ನೆಲದ ಮೇಲೆ ಕುಳಿತ.

"ಅಕ್ಕಾ, ಬಾಯಾಗ ಏನರ ಹಾಕ್ಕೊಂಡಿ?"

ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟ.

"ನಾ ಒಂದ ಮಾತ ಹೇಳಾಕ ಬಂದೇನಿ. ಮುಸರತ, ನೀನೂ ಕೇಳು. ಶುಕ್ರವಾರ ನಮಾಜ್ ಆದ ಮ್ಯಾಲೆ ಗಾಡಿ ಬಿಡತೇತಿ. ನವಾಜನ್ನ ಕರಕೊಂಡ ಹೊಂಟೇನಿ. ಅಂವನೂ ಹೂಂ ಅಂದಾನ."

ನವಾಜ ನನ್ನ ಮೈದುನ. ಬೈಕು ರಿಪೇರಿಯ ಗ್ಯಾರೇಜಿನಲ್ಲಿ ದುಡಿಯುತ್ತಾನೆ. ವೆಲ್ಡಿಂಗ್ ಅಣ್ಣನಿಂದ ಕಲಿತಿದ್ದ.

ಹಾಜರಾಬಿ ತಲೆ ಎತ್ತಿದಳು. "ಒಬ್ಬನ್ನ ಕೊಟ್ಟೇನಿ."

"ಅದಕ್ಕ ಬಂದೇನಿ ಅಕ್ಕಾ. ನೀನೂ ಬಾ. ಅಡಿಗ್ಯಾಂವನ್ನ ಬಿಡಿಸೇನಿ. ನೀ ರೊಟ್ಟಿ ಬಡದ ಹಾಕು. ಮಗ ಕಣ್ಣಮುಂದ ಇರ್ತಾನ. ಇಲ್ಲಿ ಗೋಡಿ ನೋಡಕೋತ ಕುಂತು ಏನ ಮಾಡ್ತಿ?"

ಅತ್ತೆಯ ಮುಖದಲ್ಲಿ ಏನೋ ಕದಲಿತು. ಸಾವಾದ ಮೇಲೆ ಮೊದಲ ಸಲ.

"ಕಣ್ಣಮುಂದ ಇರ್ತಾನ?"

"ಮೂರೂ ಹೊತ್ತು. ನಿನ್ನ ಕೈಯಾರ ಬಡಸ್ತಿ. ಹಾಂ, ಒಂದ ಕೇಳೂದ ಮರ್ತೆ. ನಿನಗ ಸಕ್ಕರಿ ಕಾಯ್ಲೆ ಏನರ ಐತೇನ?"

"ಇಲ್ಲಪಾ."

"ಕಿಡ್ನಿ, ಗಿಡ್ನಿ?"

"ಏನೂ ಇಲ್ಲ. ಮೊಣಕಾಲು ಹಿಡೀತಾವ, ಅಷ್ಟ."

"ಮೊಣಕಾಲಿಂದ ಏನಾಗೂದೈತಿ!" ನಕ್ಕ. "ಆದ್ರೂ ಹೋಗೂಕಿಂತ ಮೊದಲ ಒಮ್ಮೆ ಚೆಕ್ ಮಾಡಸೂಣು. ನಿನ್ನ ಕಾಳಜಿ ನಾ ಮಾಡಲಾರದ ಯಾರ ಮಾಡ್ತಾರ?"

ಒಳ್ಳೆಯ ತಮ್ಮ ಎಂದುಕೊಂಡೆ. ಅವನು ಹೋದ ಮೇಲೆ ಹಾಜರಾಬಿ ಎದ್ದು ಅಟ್ಟದ ಮೇಲಿನ ದೊಡ್ಡ ಪಾತೇಲಿಯನ್ನು ಇಳಿಸಲು ಹೇಳಿದಳು. ಬ್ರೆಡ್ಡು ಹಾಲಿನಲ್ಲಿ ಅದ್ದಿಕೊಂಡು ತಿಂದಳು.

ನನ್ನ ಗಂಡ ಮಾಡುತ್ತಿದ್ದ ಕೆಲಸ ಇದು. ಸ್ಥಾವರವನ್ನು ಆಗಾಗ ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಕಾಯಂ ನೌಕರರು ಸಾಲುವುದಿಲ್ಲ. ಆಗ ಗೌಸಮೊದ್ದೀನನ ಗಾಡಿ ಹೋಗುತ್ತದೆ. ಮುಜಮ್ಮಿಲ ಒಳಗೆ ಪೈಪು ಕತ್ತರಿಸುತ್ತಿದ್ದ, ಬೆಸೆಯುತ್ತಿದ್ದ. ಮೈತುಂಬ ಪ್ಲಾಸ್ಟಿಕ್ಕಿನ ಸೂಟು. ಉಸಿರಿಗೆ ಗಾಳಿಯ ಕೊಳವೆ. ಬೆವರು ಇಳಿದು ಬೂಟಿನಲ್ಲಿ ನಿಲ್ಲುತ್ತಿತ್ತು. ನಡೆದರೆ ಪಚಪಚ ಎನ್ನುತ್ತಿತ್ತಂತೆ. ಪೈಪಿನಲ್ಲಿ ಉಳಿದ ಭಾರಜಲ ನೆಲಕ್ಕೆ ಸುರಿದರೆ ಬಟ್ಟೆಯಿಂದ ಒರೆಸಬೇಕು, ಡಬ್ಬಿಗೆ ಹಿಂಡಬೇಕು. ಅದು ಬೆಲೆಬಾಳುವ ನೀರು, ಚೆಲ್ಲುವಂತಿಲ್ಲ. ಸೂಟು ಸಾಲದ ದಿನ ಬರೀ ಮಾಸ್ಕು, ಕೈಗವಸು. ಮೊಣಕಾಲೂರಿ ಒರೆಸುವುದು. ಹಿಂಡುವಾಗ ನೀರು ಮುಂಗೈ ದಾಟಿ ತೋಳಿಗೆ ಹರಿಯುತ್ತದೆ. ಕಾಯಂ ನೌಕರರು ಗಾಜಿನ ಆಚೆ ನಿಂತು ಕೈ ಮಾಡಿ ತೋರಿಸುತ್ತಾರೆ. ಅಲ್ಲಿ, ಆ ಮೂಲೆಯಲ್ಲಿ, ಇನ್ನೂ ಉಳಿದಿದೆ.

ಆ ನೀರಿನಲ್ಲಿ ಟ್ರೀಶಿಯಂ ಇರುತ್ತದೆ. ಅದು ಹೈಡ್ರೋಜನ್ನಿನ ವಿಕಿರಣ ಸೂಸುವ ರೂಪ. ನೀರಾಗಿಯೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನಿಂದ ಒಳಗೆ ಹೋಗುತ್ತದೆ, ಚರ್ಮದಿಂದಲೂ ಹೋಗುತ್ತದೆ. ಮೈ ಅದನ್ನು ನೀರೆಂದೇ ತಿಳಿದು ಇಟ್ಟುಕೊಳ್ಳುತ್ತದೆ. ವಿಕಿರಣ ಅಳೆಯಲೆಂದು ಎದೆಗೆ ಸಿಕ್ಕಿಸಿದ ಬಿಲ್ಲೆಗೆ ಅದು ಕಾಣುವುದಿಲ್ಲ. ಮೂತ್ರದಲ್ಲಿ ಕಾಣುತ್ತದೆ. ಅದಕ್ಕೆ ಕೆಲಸಗಾರ ಬಾಟಲಿ ತುಂಬಿ ಕೊಡಬೇಕು. ಮಿತಿ ಮೀರಿದರೆ ಒಳಗೆ ಬಿಡುವುದಿಲ್ಲ. ನೀರು ಕುಡಿ ಎಂದು ಹೇಳಿ ಕೆಲಸವಿಲ್ಲದೆ ಕೂಡಿಸುತ್ತಾರೆ. ಕಾಯಂ ನೌಕರ ಪಗಾರದ ಮೇಲೆ ಕೂಡುತ್ತಾನೆ. ಗುತ್ತಿಗೆಯವನು ಬರಿಗೈಯಲ್ಲಿ ಕೂಡುತ್ತಾನೆ. ಮುಂದಿನ ಸಲ ಗಾಡಿಯಲ್ಲಿ ಅವನಿಗೆ ಜಾಗ ಇರುವುದಿಲ್ಲ.

ಇದನ್ನು ಮುಜಮ್ಮಿಲನಿಗೆ ಬಿಡಿಸಿ ಹೇಳಿದವಳು ನಾನು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಮಾಡಿದ್ದೇನೆ. ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಓದುವಾಗ, ಮೈಯೊಳಗೆ ಸೇರಿದ ಇಂಥದ್ದನ್ನು ಅಳೆಯುವುದರ ಮೇಲೆಯೇ ಸೆಮಿನಾರ್ ಕೊಟ್ಟಿದ್ದೆ. ಮದುವೆಯ ಹೊಸದರಲ್ಲಿ ಅದನ್ನು ಅವನಿಗೆ ಹೇಳಿದೆ. ಅವನು ರೊಟ್ಟಿ ತಿನ್ನುತ್ತ ಕೇಳಿದ.

ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುವ ಹುಡುಗಿಯರಿದ್ದರು. ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಿ ಎಂದು ಅವರಿಗೆ ಕಲಿಸಿದ್ದರು. ಅವರ ದವಡೆ ಕೊಳೆಯಿತು. ಕಂಪನಿಯ ಕಡೆಯವರು ಪರೀಕ್ಷೆ ಮಾಡಿ ನೀವು ಗಟ್ಟಿಮುಟ್ಟಾಗಿದ್ದೀರಿ ಎಂದರು. ಬೇರೆ ವೈದ್ಯರು ಬಂದು ಅವರ ಉಸಿರನ್ನು ಅಳೆದರು. ಉಸಿರಿನಲ್ಲಿ ರೇಡಿಯಂ ಬಿಡುವ ಅನಿಲ ಸಿಕ್ಕಿತು. ಆಮೇಲೆ ಅಣುಬಾಂಬಿನ ಕೆಲಸ ಬಂತು. ಅಲ್ಲಿ ಕೆಲಸಗಾರನಿಗೆ ರಜೆ ಕೊಟ್ಟು, ಸ್ನಾನ ಮಾಡಿಸಿ, ಬೇರೆ ಕೋಣೆಯಲ್ಲಿಟ್ಟು ಮೂತ್ರ ಹಿಡಿದರು. ಅವನ ಕೈಯ ಧೂಳು ಬಾಟಲಿಗೆ ಬೀಳಬಾರದು. ಆಮೇಲೆ ಹಳೆಯ ಯುದ್ಧನೌಕೆಗಳ ಉಕ್ಕು ತಂದು ಕೋಣೆ ಕಟ್ಟಿದರು. ಮನುಷ್ಯನನ್ನು ಒಳಗೆ ಮಲಗಿಸಿ ಅವನ ಮೈಯನ್ನೇ ಅಳೆದರು. ಹೊಸ ಉಕ್ಕಿಗೆ ಬಾಂಬಿನ ಧೂಳು ತಗುಲಿರುತ್ತದೆ, ಅಳತೆ ಕೆಡುತ್ತದೆ ಎಂದು. ಅಷ್ಟು ಜಾಗ್ರತೆ.

"ಅಂದ್ರ ನಾ ಬಾಯಿ ಬಿಡದಿದ್ರೂ ನನ್ನ ಉಚ್ಚಿ ಖರೇ ಹೇಳ್ತೇತಿ" ಎಂದಿದ್ದ ಮುಜಮ್ಮಿಲ.

"ಹೂಂ. ಸುಳ್ಳ ಕೊಡಬ್ಯಾಡ ಮತ್ತ."

"ಉಚ್ಚಿ ಹ್ಯಾಂಗ ಸುಳ್ಳ ಕೊಡಾಕ ಬರ್ತೇತಿ, ಟೀಚರ?"

ಪ್ರತಿ ಸಲ ಊರಿಗೆ ಬಂದಾಗ ಬಾಗಿಲಲ್ಲೇ ಎರಡೂ ಅಂಗೈ ತೋರಿಸುತ್ತಿದ್ದ. "ಕ್ಲೀನ್, ಟೀಚರ." ನಾನು ನಂಬುತ್ತಿದ್ದೆ. ಸ್ಥಾವರದ ಪ್ರಯೋಗಶಾಲೆ ಸುಳ್ಳು ಹೇಳುವುದಿಲ್ಲ. ಈಗಲೂ ಹಾಗೇ ಅನ್ನುತ್ತೇನೆ. ಅವರು ಬಾಟಲಿಯಲ್ಲಿ ಇದ್ದದ್ದನ್ನು ಸರಿಯಾಗಿ ಅಳೆದರು.

ಕೊನೆಯ ಸಲ ಬಂದಾಗ ಜ್ವರ ಇತ್ತು. ಒಸಡಿನಿಂದ ರಕ್ತ ಬರುತ್ತಿತ್ತು. ಧಾರವಾಡದ ಹತ್ತಿರ ಸತ್ತೂರಿನ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಡಾಕ್ಟರು ಏನು ಕೆಲಸ ಎಂದು ಕೇಳಿದರು. ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಒಳಗ ಏನರ ಸೇರಿತ್ತೇನಮ್ಮ? ಚೆಕ್ ಮಾಡ್ತಿರ್ತಾರಲ್ಲ?"

"ಮಾಡ್ಯಾರ್ರಿ. ಎಲ್ಲಾ ಕ್ಲೀನ್ ಬಂದೈತಿ."

ಅವರು ಮತ್ತೆ ಬರೆಯತೊಡಗಿದರು. ಹಾಸಿಗೆಯ ಮೇಲೆ ಮುಜಮ್ಮಿಲ ನನ್ನನ್ನೇ ನೋಡುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿದ.

ಅದೇ ದಿನ ಮಧ್ಯಾಹ್ನ, ಗೌಸಮೊದ್ದೀನ ಹೋದ ಮೇಲೆ, ಒಬ್ಬ ಮುದುಕ ಬಂದ. ಒಂದು ಕಾಲಿಗೆ ಬಟ್ಟೆ ಸುತ್ತಿದ್ದ. ಚಪ್ಪಲಿಯ ಮುಂಭಾಗ ಕತ್ತರಿಸಿದ್ದ. ಇದ್ದತ್ ಇರುವ ಮನೆ ಎಂದು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಕುಳಿತ. ನಾನು ಬಾಗಿಲ ಪರದೆಯ ಹಿಂದೆ ಸರಿದೆ.

"ಬೆಹನ್, ನಾ ಮಕಬೂಲಸಾಬ. ಕ್ಯಾಂಪಿನ್ಯಾಗ ಹುಡುಗರಿಗೆ ಅಡಿಗಿ ಮಾಡ್ತಿದ್ದೆ. ಮಣ್ಣಿಗೆ ಬರಾಕ ಕಾಲು ಬಿಡಲಿಲ್ಲ. ಮಾಫ್ ಮಾಡ್ರಿ."

"ಬರ್ರಿ" ಎಂದಳು ಹಾಜರಾಬಿ. "ನಿಮ್ಮ ಜಾಗಾಕ್ಕ ನಾ ಹೊಂಟೇನಿ ನೋಡ್ರಿ. ನನ್ನ ತಮ್ಮ ಕರದಾನ."

"ಯಾತಕ್ಕ?"

"ಮತ್ಯಾತಕ್ಕ. ಅಡಿಗಿಗೆ."

ಹಾಜರಾಬಿ ಚಹಾ ಕೊಟ್ಟಳು. ಅವನು ಕಪ್ಪು ಮುಟ್ಟಲಿಲ್ಲ.

"ಬೆಹನ್, ನಿಮಗ ಸಕ್ಕರಿ ಐತೇನಂತ ಕೇಳಿದ್ನೇನ್ರಿ?"

ಪರದೆಯ ಹಿಂದಿನಿಂದ ನಾನು ಮಾತಾಡಿದೆ. "ನಿಮಗ ಹ್ಯಾಂಗ ಗೊತ್ತಾತು, ಚಾಚಾ?"

"ನೀ ಮುಜಮ್ಮಿಲನ ಹೆಂಡ್ತಿ? ಟೀಚರ?"

"ಹೌದ್ರಿ."

"ನೀವು ಹೆಣ್ಣಮಕ್ಕಳು. ನಿಮ್ಮ ಮುಂದ ಆ ಮಾತು ನಾ ಹ್ಯಾಂಗ ಆಡ್ಲಿ?"

"ಆಡ್ರಿ. ಇಲ್ಲಾಂದ್ರ ನಮ್ಮತ್ತಿ ಶುಕ್ರವಾರ ಗಾಡಿ ಹತ್ತತಾಳ. ನವಾಜನೂ ಹತ್ತತಾನ."

ಅವನು ಮುಖ ಓಣಿಯ ಕಡೆ ಮಾಡಿಕೊಂಡು ಹೇಳಿದ. ನಮ್ಮ ಕಡೆ ತಿರುಗಲೇ ಇಲ್ಲ.

"ಅಡಿಗಿ ಸಣ್ಣ ಕೆಲಸ ಬೇಟಿ. ದೊಡ್ಡ ಕೆಲಸ ಬ್ಯಾರೇನ ಇತ್ತು. ನಾ ಗೇಟಿನ ಒಳಗ ಹೋಗಾಂವ ಅಲ್ಲ. ನನ್ನ ಮೈ ಕ್ಲೀನ್. ಮುಂಜಾನೆದ್ದು ತಂಬಿಗಿಗಟ್ಟಲೆ ನೀರ ಕುಡೀಬೇಕು. ಹುಡುಗರು ಬಾಟಲಿ ತಂದು ಒಲಿ ಹಿಂದ ಸಾಲಾಗಿ ಇಡ್ತಿದ್ರು. ಹೆಸರು ಅವರವರದು. ಒಳಗಿಂದೆಲ್ಲಾ ನಂದ."

ಹಾಜರಾಬಿಗೆ ತಿಳಿಯಲಿಲ್ಲ. "ನಿಮ್ಮದು ಏನು?"

"ಉಚ್ಚಿರೀ ಬೆಹನ್. ನನ್ನ ಉಚ್ಚಿ ಅವರ ಹೆಸರಿಲೆ ಹೋಗತಿತ್ತು. ಗೌಸಮೊದ್ದೀನ ಸಾಹೇಬ್ರು ನನ್ನ ಹೊಟ್ಟಿ ತಟ್ಟಿ ಅಂತಿದ್ರು, ಮಕಬೂಲ, ಇದರಾಗ ನನ್ನ ಇಡೀ ಕಂಪನಿ ಐತಿ, ಜ್ವಾಕಿ."

"ಯಾರೂ ಹಿಡೀಲಿಲ್ಲೇನ್ರಿ?" ಎಂದೆ.

"ಬಾಟಲಿ ತುಂಬೂ ಮುಂದ ಯಾರ ನಿಂತ ನೋಡ್ತಾರ? ಇರಬಿ ಹಿಡದ್ವು. ಒಂದಿನ ಬಾಟಲಿ ಡಬ್ಬಿ ತುಂಬ ಕರೇ ಇರಬಿ ಸಾಲು ಹರದಾಡತಿದ್ವು. ಲ್ಯಾಬಿಗೆ ಹೊಸಾ ಹುಡುಗಿ ಬಂದಿದ್ಲು. ಯಾಕ ಇರಬಿ ಅಂತ ಪಟ್ಟಿ ಅದ್ದಿ ನೋಡ್ಯಾಳ. ಎಲ್ಲಾದರಾಗೂ ನನ್ನ ಸಕ್ಕರಿ! ಪಾಪ, ಎಲ್ಲಾರನೂ ನಿಂದ್ರಿಸಿ ಬೈದ್ಲಂತ. ಇಷ್ಟ ಸಣ್ಣ ವಯಸ್ಸಿಗೆ ಇಡೀ ಗ್ಯಾಂಗಿಗೆ ಸಕ್ಕರಿ ಕಾಯ್ಲೆ ಐತಿ, ಚಹಾ ಬಿಡ್ರಿ, ಅನ್ನಾ ಕಡಿಮಿ ಮಾಡ್ರಿ ಅಂತ. ಹುಡುಗರು ಹೊರಗ ಬಂದು ಹೊಟ್ಟಿ ಹಿಡಕೊಂಡ ನಕ್ರು. ಮುಜಮ್ಮಿಲನೂ ನಕ್ಕ. ಚಾಚಾ, ನಿಮ್ಮಿಂದ ನಾವೆಲ್ಲಾ ಮುದುಕರಾದ್ವಿ ಅಂದ. ಮರುದಿನ ನನ್ನನ್ನ ಬಿಡಿಸಿದ್ರು. ಕಾಲಿನ ಹುಣ್ಣು ದಿನಾ ನೋಡ್ತಿದ್ರು, ಅದಕ್ಕ ಬಿಡಿಸಲಿಲ್ಲ. ಸಕ್ಕರಿಗೆ ಬಿಡಿಸಿದ್ರು."

ನನ್ನ ಕೈ ಪರದೆಯನ್ನು ಹಿಡಿದಿತ್ತು. ಅದನ್ನು ಬಿಡಲಿಲ್ಲ.

"ಮುಜಮ್ಮಿಲನೂ ಬಾಟಲಿ ತಂದಿಟ್ಟನೇನ್ರಿ?"

"ಮೊದಲ ಇಡಲಿಲ್ಲ. ತನ್ನದನ್ನ ತಾನ ತುಂಬಿ ಕೊಟ್ಟ. ಎರಡ ಸಲ ಮಿತಿ ಮೀರ್ತು, ಎರಡ ಸಲ ಕೂಡಿಸಿದ್ರು. ಸಾಹೇಬ್ರು ಊಟಕ್ಕ ಕುಂತಾಗ ಎಲ್ಲಾರ ಮುಂದ ಅಂದ್ರು, ಹೆಂಡ್ತಿ ಎಮ್ಮೆಸ್ಸಿ ಇದ್ರ ಗಂಡ ಕುಂತ ತಿನ್ನಬೇಕೇನೋ ಅಂತ. ಅಂವ ತಾಟು ಬಿಟ್ಟ ಎದ್ದ. ಮರುದಿನ ಮುಂಜಾನೆ ತಾನ ಬಂದ. ಬಾಟಲಿ ಚಾಚಿದ. ಚಾಚಾ, ಒಂದು ಬಾಟಲಿ ಕಡಾ ಕೊಡ್ರಿ, ಆಮ್ಯಾಲೆ ತೀರಸತೇನಿ ಅಂದ. ಆಮ್ಯಾಲೆ ದಿನಾ ಬಂದ."

ಮುದುಕ ಕಾಲಿನ ಬಟ್ಟೆ ಬಿಗಿ ಮಾಡಿಕೊಳ್ಳುತ್ತ ಮತ್ತೆ ಹೇಳಿದ. "ಮನ್ಯಾಗ ಗೊತ್ತಾಗಬಾರದು ಅಂದಿದ್ದ. ಈಗ ಹೇಳಿದೆ. ಅಂವ ನನಗ ಮಾಫ್ ಮಾಡ್ಲಿ."

ಕ್ಲೀನ್, ಟೀಚರ. ಅವನು ಎರಡೂ ಅಂಗೈ ತೋರಿಸುತ್ತಿದ್ದ.

ನನಗೆ ಅಳು ಬರಲಿಲ್ಲ. ಲೆಕ್ಕ ಬಂತು. ಮೈಯಲ್ಲಿ ಸೇರಿದ ಟ್ರೀಶಿಯಂ ಸುಮಾರು ಹತ್ತು ದಿನಕ್ಕೆ ಅರ್ಧವಾಗುತ್ತದೆ. ಬೆವರಿನಲ್ಲಿ, ಉಸಿರಿನಲ್ಲಿ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಆ ದಿನ ಹಿಡಿದರೆ ಸಿಗುತ್ತದೆ. ತಿಂಗಳುಗಳ ಮೇಲೆ ಸತ್ತೂರಿನಲ್ಲಿ ಹುಡುಕಿದರೆ ಯಾರಿಗೂ ಸಿಗುವುದಿಲ್ಲ. ಅವನು ಅದರಿಂದಲೇ ಸತ್ತನೇ? ನನಗೆ ಗೊತ್ತಿಲ್ಲ. ಅಲ್ಲ ಎಂದರೂ ನಂಬುವುದು ಹೇಗೆ, ಹೌದು ಎಂದರೂ ತೋರಿಸುವುದು ಹೇಗೆ? ನನಗೆ ತಿಳಿಯದಂತೆ ಮಾಡಿದರು. ಡಾಕ್ಟರಿಗೆ ತಿಳಿಯದಂತೆ ಮಾಡಿದರು. ಮಾಡಿದವರಲ್ಲಿ ನನ್ನ ಗಂಡನೂ ಒಬ್ಬ. ಅವನ ಮೇಲೆ ಸಿಟ್ಟು ಮಾಡಲು ಅವನಿಲ್ಲ.

ಹಳೆಯ ಯುದ್ಧನೌಕೆಯ ಉಕ್ಕು ತಂದವರ ಬಗ್ಗೆ ನಾನು ಸೆಮಿನಾರಿನಲ್ಲಿ ಓದಿದ್ದೆ. ಬಾಟಲಿ ತುಂಬುವಾಗ ಯಾರು ನಿಂತು ನೋಡಬೇಕು ಎಂಬುದು ಆ ಪುಸ್ತಕಗಳಲ್ಲಿ ಇತ್ತೋ ಇಲ್ಲವೋ ನೆನಪಿಲ್ಲ. ನಾನಂತೂ ಹೇಳಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ.

ಹಾಜರಾಬಿ ಬಾಯಿ ಬಿಟ್ಟಳು.

"ಹಂಗಾದ್ರ ನವಾಜನ ಬಾಟಲ್ಯಾಗ ನಂದು."

"ಹೌದ್ರಿ ಬೆಹನ್."

"ನನ್ನ ಮಗ ಒಳಗ ವಿಷಾ ಕುಡೀತಿರತಾನ. ನಾ ಹೊರಗ ಕುಂತು, ಅಂವಗ ಏನೂ ಆಗಿಲ್ಲಂತ ಉಚ್ಚಿ ಹೊಯ್ಯೂದು."

ಮಕಬೂಲಸಾಬ ಗೋಡೆ ಹಿಡಿದು ಎದ್ದ. ಆರಿದ ಚಹಾ ಹಾಗೇ ಇತ್ತು. ಹಾಜರಾಬಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ತುಂಬಿದ ನೀರನ್ನು ಮೈಮೇಲೆ ಸುರುವಿಕೊಂಡಳು. ಮತ್ತೆ ಸುರುವಿಕೊಂಡಳು. ನಾನು ಬೇಡ ಅನ್ನಲಿಲ್ಲ.

ಸಂಜೆ ನವಾಜ ಗ್ಯಾರೇಜಿನಿಂದ ಬಂದಾಗ ಎಲ್ಲ ಹೇಳಿದೆ. ಅವನು ಕೈಯ ಗ್ರೀಸು ತಿಕ್ಕುತ್ತ ಕೇಳಿದ. ಕೇಳಿ ಸಿಟ್ಟಾದ. ಸಿಟ್ಟು ನನ್ನ ಮೇಲೆ.

"ಆ ಮುದುಕನ್ನ ಬಿಡಿಸ್ಯಾರ. ಅದಕ್ಕ ಉರಕೊಂಡ ಹೇಳ್ತಾನ ಭಾಬಿ. ಮಾಮಾ ಹಂಗ ಮಾಡಾಂವ ಅಲ್ಲ. ಅಣ್ಣ ಹೋದಾಗ ಹ್ಯಾಂಗ ಅತ್ತಾ, ನೋಡಿಲ್ಲೇನ?"

"ನೋಡೇನಿ."

"ಮತ್ತ?"

"ನಿಮ್ಮ ಅಮ್ಮಗ ಸಕ್ಕರಿ ಐತೇನಂತ ಯಾಕ ಕೇಳಿದ?"

"ಕಾಳಜಿಗೆ ಕೇಳ್ಯಾನ. ನಿಮಗ ಓದಿದವರಿಗೆ ಎಲ್ಲಾದರಾಗೂ ಸಂಶೇ." ಟವೆಲು ಝಾಡಿಸಿದ. "ಇಲ್ಲಿ ನಟ್ಟು ಬಿಗೀಕೋತ ಸಾಯಬೇಕೇನ ನಾ? ಅದು ಅಣ್ಣನ ಜಾಗಾ. ಮಾಮಾ ತನ್ನ ಬಾಯಿಲೆ ಹೇಳ್ಲಿ, ನಂಬತೇನಿ. ಅಲ್ಲೀಮಟಾ ಈ ಮಾತು ಬ್ಯಾಡ."

ಗುರುವಾರ ಅವನು ಮನೆಯ ದೊಡ್ಡ ಒಲೆ, ಪಾತೇಲಿ, ರೊಟ್ಟಿ ಬಡಿಯುವ ಕಲ್ಲು ಎಲ್ಲವನ್ನೂ ಗೋಕುಲ ರಸ್ತೆಗೆ ಸಾಗಿಸಿದ. ತಾಯಿ ಬಂದೇ ಬರುತ್ತಾಳೆ ಎಂದುಕೊಂಡಿದ್ದ. ಹಾಜರಾಬಿ ತಡೆಯಲಿಲ್ಲ. ಅವಳು ಮಾತು ಬಿಟ್ಟಿದ್ದಳು.

ಶುಕ್ರವಾರ ಬೆಳಿಗ್ಗೆ ನನ್ನ ಬುರ್ಖಾ ತಂದು ತೊಡೆಯ ಮೇಲೆ ಇಟ್ಟಳು.

"ಹೋಗು."

"ನಾ? ಇದ್ದತ್‌ನ್ಯಾಗ?"

"ನಾ ಹೋದ್ರ ಅಂವ ಅಕ್ಕಾ ಅಂತಾನ, ಅಳತಾನ. ನಾನೂ ಅತ್ತು ಗಾಡಿ ಹತ್ತತೇನಿ. ನನ್ನ ನನಗ ಗೊತ್ತೈತಿ. ನೀ ಅಳಾಕಿ ಅಲ್ಲ. ನೀ ಹೋಗು."

"ಓಣ್ಯಾಗ..."

"ಒಂದು ಜೀವಾ ಉಳಸಾಕ ಹೊಂಟಾಕಿನ್ನ ಅಲ್ಲಾ ಕೇಳೂದಿಲ್ಲ. ಓಣಿ ಕೇಳ್ತೇತಿ. ಓಣಿಗೆ ನಾ ಹೇಳ್ತೇನಿ."

ಅವಳು ಹೋಗಿ ಹೊಸ್ತಿಲ ಮೇಲೆ ಕುಳಿತಳು. ಯಾರಾದರೂ ಕೇಳಲಿ ಎಂದು ಕಾಯುವವಳ ಹಾಗೆ ಕಾಲು ಚಾಚಿ ಕುಳಿತಳು. ನಾನು ಹೊರಡುವ ಮೊದಲು ಬಚ್ಚಲಿಗೆ ಹೋದೆ. ಮೆಡಿಕಲ್ ಅಂಗಡಿಯ ಒಂದು ಹೊಸ ಬಾಟಲಿ ಮನೆಯಲ್ಲಿತ್ತು, ಮುಜಮ್ಮಿಲನ ಪರೀಕ್ಷೆಗೆಂದು ತಂದು ಉಳಿದದ್ದು. ಅದನ್ನು ತುಂಬಿದೆ. ಮುಚ್ಚಳ ಬಿಗಿ ಮಾಡಿದೆ. ಚೀಟಿ ಅಂಟಿಸಿದೆ.

ಗೋಕುಲ ರಸ್ತೆಗೆ ಆಟೋದಲ್ಲಿ ಹೋದೆ. ನಮಾಜ್ ಮುಗಿದಿತ್ತು. ಅಂಗಳದಲ್ಲಿ ಗಾಡಿ ನಿಂತಿತ್ತು. ಒಳಗೆ ಗಂಡಸರು ಆಗಲೇ ಒತ್ತಿಕೊಂಡು ಕುಳಿತಿದ್ದರು. ನವಾಜ ಮೇಲೆ ಹತ್ತಿ ನಮ್ಮ ಒಲೆಗೆ ಹಗ್ಗ ಬಿಗಿಯುತ್ತಿದ್ದ. ಶುಕ್ರವಾರದ ಬಿಳಿ ಜುಬ್ಬಾ ಹಾಕಿದ್ದ. ಶೆಡ್ಡಿನ ನೆರಳಲ್ಲಿ ಟೇಬಲ್ಲು. ಟೇಬಲ್ಲಿನ ಮುಂದೆ ಗೌಸಮೊದ್ದೀನ. ಅವನ ಕಾಲಬಳಿ ಒಂದು ರಟ್ಟಿನ ಖೋಕಾ ತುಂಬ ಖಾಲಿ ಬಾಟಲಿಗಳು.

ಅವನು ನನ್ನನ್ನು ನಡಿಗೆಯಿಂದ ಗುರುತು ಹಿಡಿದ.

"ತೋಬಾ, ತೋಬಾ. ಬೇಟಿ, ಇದ್ದತ್‌ನ್ಯಾಗ ಹೊರಗ? ಅಕ್ಕ ಎಲ್ಲಿ?"

"ಬರೂದಿಲ್ರಿ."

"ಯಾಕ? ಆರಾಮ ಇಲ್ಲೇನು?"

"ಆರಾಮ ಅದಾರ. ಅಡಿಗಿಗೆ ಬ್ಯಾರೇದವರನ್ನ ನೋಡ್ಕೋರಿ."

"ಅಡಿಗಿ ಏನ, ಹುಡುಗರೂ ಮಾಡಕೋತಾವ. ಆದ್ರ ಆಕಿ ಬೇಕ."

"ಅಡಿಗಿ ಹುಡುಗರು ಮಾಡಕೋತಾರಂದ್ರ ಮುದುಕಿ ಯಾತಕ್ಕ ಬೇಕ್ರಿ?"

ಅವನು ಗಾಡಿಯ ಕಡೆ ನೋಡಿದ. "ಮನ್ಯಾಗ ಮಾತಾಡೂಣು. ನಡಿ, ನಾ ಬರ್ತೇನಿ."

"ಮನ್ಯಾಗ ಮಾತಾಡಿದ್ದು ಸಾಕು. ಇಲ್ಲೆ ಹೇಳ್ರಿ. ಯಾತಕ್ಕ ಬೇಕು?"

ಗಾಡಿಯೊಳಗಿಂದ ಯಾರೋ ಒಬ್ಬ ತಡೆಯಲಾರದೆ ಹೇಳಿಬಿಟ್ಟ. "ಬಾಟಲಿ ತುಂಬಾಕ್ರಿ!"

ಒಳಗೆ ಎಲ್ಲರೂ ನಕ್ಕರು. ಇನ್ನೊಬ್ಬ, "ಈ ಸಲ ಸಕ್ಕರಿ ಇಲ್ಲದ್ದು!" ಎಂದ. ಇನ್ನೂ ಜೋರಾಗಿ ನಕ್ಕರು. ಸತ್ತವನ ಹೆಂಡತಿ ಎದುರಿಗೆ ನಿಂತಿದ್ದಾಳೆ ಎಂದು ಆಮೇಲೆ ನೆನಪಾಗಿರಬೇಕು. ನಗು ನಿಂತಿತು.

ಗಾಡಿಯ ಮೇಲೆ ಹಗ್ಗ ಹಿಡಿದ ಕೈ ನಿಂತಿತ್ತು.

"ಖರೇನ ಮಾಮಾ?" ಎಂದ ನವಾಜ.

"ಏನ ಖರೇ? ನೀ ಹಗ್ಗಾ ಬಿಗಿ."

"ಅಮ್ಮನ್ನ ಅದಕ್ಕ ಕರದೇನು?"

ಗೌಸಮೊದ್ದೀನ ಎದ್ದು ನಿಂತ. ಅವನು ನವಾಜನಿಗೆ ಉತ್ತರ ಕೊಡಲಿಲ್ಲ. ನನಗೆ ಕೊಟ್ಟ.

"ನಾ ಒಬ್ಬನ ಮಾಡ್ತೇನಿ? ಮಿತಿ ಮೀರ್ತಂದ್ರ ಇವರನ್ನ ಕೂಡಸ್ತಾರ. ಕುಂತ್ರ ಇವರ ಮನ್ಯಾಗ ಒಲಿ ಹತ್ತತೇತೇನು? ಕೇಳು, ಇವರನ್ನ ಕೇಳು, ನಾ ಯಾರಿಗರ ಜುಲುಮಿ ಮಾಡೇನೇನು? ನಿನ್ನ ಗಂಡನ್ನ ಎರಡು ಸಲ ಕೂಡಿಸಿದ್ರು. ಎಬ್ಬಿಸಿದಾಂವ ಯಾರು? ನಾನು. ನನ್ನ ಮನಷ್ಯಾನ ಬಾಟಲಿ ಕಡಾ ಕೊಟ್ಟು ಎಬ್ಬಿಸಿದೆ. ಸಾಯೂತನಾ ಅಂವ ನನ್ನ ಕಡಾದಾಗ ಇದ್ದ. ನಿಮ್ಮ ಮನಿಯಿಂದ ಒಬ್ಬರು ಬಂದು ಅದನ್ನ ತೀರಸಬೇಕು. ಅದನ್ನ ಮರೀಬ್ಯಾಡ ನೀ."

"ಮರ್ತಿಲ್ರಿ. ಅದಕ್ಕ ಬಂದೇನಿ."

ಮೇಲೆ ಹಗ್ಗ ಬಿಚ್ಚುವ ಸದ್ದು ಕೇಳಿತು. ನವಾಜ ಒಲೆಯನ್ನು ಎದೆಗೆ ಒತ್ತಿಕೊಂಡು ಏಣಿ ಇಳಿದ. ಜುಬ್ಬಾದ ಮುಂದೆ ಮಸಿ ಹತ್ತಿತು. ಒಲೆಯನ್ನು ನೆಲಕ್ಕಿಟ್ಟು ಮತ್ತೆ ಹತ್ತಿದ. ಪಾತೇಲಿ ಇಳಿಸಿದ. ರೊಟ್ಟಿ ಕಲ್ಲು ಇಳಿಸಿದ. ಕೊನೆಗೆ ತನ್ನ ಬಟ್ಟೆಯ ಚೀಲ.

"ಏ ನವಾಜ! ಇವತ್ತ ಇಳದ್ರ ಮತ್ತ ಈ ಗಾಡಿ ಹತ್ತೂದಿಲ್ಲ ನೀ."

ಅವನು ತಿರುಗಿ ನೋಡಲಿಲ್ಲ. ಬೇರೆ ಯಾರೂ ಇಳಿಯಲಿಲ್ಲ. ಕಿಟಕಿಯ ಬಳಿ ಕುಳಿತಿದ್ದವನೊಬ್ಬ ತನ್ನ ಕಾಲಡಿ ಸಿಕ್ಕಿದ್ದ ನಮ್ಮ ಸವುಟನ್ನು ಹೊರಗೆ ಚಾಚಿದ. ನವಾಜ ಅದನ್ನೂ ಇಸಿದುಕೊಂಡ.

ನಾನು ಬುರ್ಖಾದ ಒಳಗಿನಿಂದ ಬಾಟಲಿ ತೆಗೆದೆ. ಟೇಬಲ್ಲಿನ ಮೇಲೆ, ಅವನ ಮೊಬೈಲು ಮತ್ತು ನಮಾಜಿನ ಟೊಪ್ಪಿಗೆಯ ನಡುವೆ ಇಟ್ಟೆ.

"ಏನಿದು?"

"ಮುಜಮ್ಮಿಲ ಕಡಾ ತಗೊಂಡಿದ್ದು."

ಅವನಿಗೆ ತಿಳಿಯಿತು. ಟೊಪ್ಪಿಗೆಯನ್ನು ಥಟ್ಟನೆ ಎತ್ತಿಕೊಂಡ. ಎರಡು ಹೆಜ್ಜೆ ಹಿಂದೆ ಸರಿದ. "ಹೊಲಸು! ನಮಾಜ್ ಮಾಡಿ ಬಂದೇನಿ ನಾ! ತಗಿ ಅದನ್ನ, ತಗಿ!"

"ಹೊಲಸು ಅಲ್ರಿ. ಕ್ಲೀನ್ ಐತಿ. ನಮ್ಮ ಮನಿಯಿಂದ ನಿಮಗ ಬರಬೇಕಾಗಿದ್ದು ಇದ. ಬಂತು."

ಗಾಡಿಯಲ್ಲಿ ಯಾರೂ ನಗಲಿಲ್ಲ. ನಾನು ಬಾಟಲಿಯನ್ನು ತಿರುಗಿಸಿ, ಚೀಟಿ ಅವನಿಗೆ ಕಾಣುವಂತೆ ಇಟ್ಟೆ. ಅದರ ಮೇಲೆ ನನ್ನದೇ ಹೆಸರು ಬರೆದಿದ್ದೆ.